ಬಾಡಿಗೆ ಬೈಕು, ಬೇರೆಯವರ ಆರ್‌ಸಿ ಮತ್ತು ಸುನೌಲಿಯ ಸುಂಕದ ಕಟ್ಟೆ

ಬೇರೆಯವರ ಹೆಸರಿನ ಗಾಡಿಯನ್ನು ಗಡಿ ದಾಟಿಸುವುದು ಎಂದರೆ ಏನೆಂಬುದರ ಮೊದಲ ಪಾಠ ನನಗೆ ಗೋವಾದಲ್ಲಿ ಆಯಿತು. ಕಾಣಕೋಣದಲ್ಲಿ ಬಾಡಿಗೆಗೆ ಪಡೆದ ಸ್ಕೂಟರಿನಲ್ಲಿ ಪೋಳೆಂ ದಾಟಿ, ಕಾರವಾರದಲ್ಲಿ ಮೀನೂಟ ಮಾಡಿ ಸಂಜೆಗೆ ಮರಳೋಣವೆಂದು ಹೊರಟಿದ್ದೆ. ಬಾಡಿಗೆ ಗಾಡಿಯ ಗುರುತಾದ, ಕಪ್ಪು ಫಲಕದ ಮೇಲಿನ ಹಳದಿ ಅಕ್ಷರಗಳನ್ನು ಕಂಡ ಪೊಲೀಸರು ರಾಜ್ಯದ ಗಡಿಯಲ್ಲೇ ಕೈ ಅಡ್ಡ ಮಾಡಿ, ಮಾಲೀಕರ ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿದರು. ಪತ್ರವಿರಲಿಲ್ಲ, ಊಟ ಕಾಣಕೋಣದಲ್ಲೇ ಆಯಿತು. 2024ರ ಫೆಬ್ರವರಿಯಲ್ಲಿ ಪುಣೆಯ ಬಾಡಿಗೆ ಬೈಕನ್ನು ನೇಪಾಳಕ್ಕೆ ಕೊಂಡೊಯ್ದಾಗ ನಾನು ಗಡಿಗಿಂತ ಹೆಚ್ಚಾಗಿ ಕಾಗದಗಳ ಬಗ್ಗೆ ತಲೆ ಕೆಡಿಸಿಕೊಂಡದ್ದು ಆ ದಿನದ ನೆನಪಿನಿಂದಲೇ.

ಪೋಖರಾದಲ್ಲಿಯೇ ಬೈಕು ಬಾಡಿಗೆಗೆ ಸಿಗುವುದಿಲ್ಲವೇ ಎಂದು ಚಿಂಚವಾಡದ ನಮ್ಮ ಕನ್ನಡದ ಗೆಳೆಯರೆಲ್ಲ ಕೇಳಿದರು. ಖಂಡಿತ ಸಿಗುತ್ತದೆ, ಎರಡು ದಿನ ಸರೋವರದ ಸುತ್ತ ತಿರುಗಲು ಹೋಗುವವರು ಹಾಗೆಯೇ ಮಾಡುವುದು ಜಾಣತನ. ನನಗೆ ಬೇಕಾಗಿದ್ದುದು ಗಡಿಯಿಂದ ಪೋಖರಾವರೆಗಿನ ಸಿದ್ಧಾರ್ಥ ರಾಜಮಾರ್ಗ. ಸುಮಾರು 180 ಕಿಲೋಮೀಟರಿನ ಆ ಘಟ್ಟದ ದಾರಿಯನ್ನು ಬಸ್ಸಿನ ಕಿಟಕಿಯಿಂದ ನೋಡುವ ಮನಸ್ಸಿರಲಿಲ್ಲ. ಸ್ವಂತ ಗಾಡಿ ನನ್ನಲ್ಲಿಲ್ಲ.

ಪುಣೆಯಲ್ಲಿ ಮೂರು ಕಡೆ ವಿಚಾರಿಸಿದೆ. ಮೊದಲನೆಯ ಅಂಗಡಿಯ ಹುಡುಗ, ನೇಪಾಳವಾದರೂ ಹೋಗಿ, ಲಡಾಖ್ ಆದರೂ ಹೋಗಿ ಎಂದು ನಗುತ್ತ ಹೇಳಿದ. ಆದರೆ ಅವನು ಸಹಿಗೆ ಮುಂದಿಟ್ಟ ಕರಾರಿನಲ್ಲಿ, ಲಿಖಿತ ಅನುಮತಿಯಿಲ್ಲದೆ ಗಾಡಿ ಮಹಾರಾಷ್ಟ್ರದಿಂದ ಹೊರಗೆ ಹೋಗಕೂಡದೆಂದು ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. ಬಾಯಿಮಾತು ಗಡಿಯಲ್ಲಿ ನಡೆಯುವುದಿಲ್ಲ. ಕರಾರು ಮಾತ್ರ ನಡೆಯುತ್ತದೆ. ಎರಡನೆಯವರು ತೋರಿಸಿದ್ದು ಬಿಳಿ ಫಲಕದ ಖಾಸಗಿ ಬೈಕು. ಯಾರಾದರೂ ಕೇಳಿದರೆ ಸ್ನೇಹಿತನದೆಂದು ಹೇಳಿದರಾಯಿತು ಎಂಬುದು ಅವರ ಸಲಹೆ. ಬಾಡಿಗೆಯೂ ಕಡಿಮೆಯಿತ್ತು. ಆದರೆ ಮೋಟಾರು ವಾಹನ ಕಾಯ್ದೆಯ 75ನೇ ಕಲಮಿನಡಿ 1997ರಲ್ಲಿ ಬಂದ ಯೋಜನೆಯ ಪ್ರಕಾರ ಬೈಕುಗಳನ್ನು ಬಾಡಿಗೆಗೆ ಕೊಡಲು ಪರವಾನಗಿ ಬೇಕು, ಮತ್ತು ಖಾಸಗಿ ಬಳಕೆಯ ವಿಮೆಯಿರುವ ಗಾಡಿಯನ್ನು ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆಯವರಿಗೆ ಕೈತೊಳೆದುಕೊಳ್ಳಲು ಅದೊಂದೇ ಕಾರಣ ಸಾಕು. ಪರದೇಶದಲ್ಲಿ ಸುಳ್ಳು ಹೇಳಿಕೊಂಡು ಓಡಾಡುವ ಧೈರ್ಯವೂ ನನಗಿರಲಿಲ್ಲ.

ಮೂರನೆಯವರು ನಿಗಡಿಯಲ್ಲಿ ಎಂಟು ಹತ್ತು ಬೈಕು ಇಟ್ಟುಕೊಂಡಿರುವ ವಿಜಯಪುರದ ಕಡೆಯ ಹಿರಿಯರು. ನಾನು ಧಾರವಾಡದವನೆಂದು ತಿಳಿದ ಮೇಲೆ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು, ನಾನು ಅವರನ್ನು ಕಾಕಾ ಎಂದೆ. ಅವರು ಬೈಕು ಕೊಡಲು ಹಿಂಜರಿಯಲಿಲ್ಲ. ಹಿಂಜರಿದದ್ದು ಗಾಡಿಯ ನೋಂದಣಿ ಕಾರ್ಡು, ಅಂದರೆ ಒರಿಜಿನಲ್ ಆರ್‌ಸಿ ಕೇಳಿದಾಗ.

"ತಮ್ಮಾ, ಗಾಡಿ ಒಯ್ಯಿ, ಬ್ಯಾಡ ಅನ್ನೂದಿಲ್ಲ. ಆದ್ರ ಆರ್‌ಸಿ ಕೈಗೆ ಕೊಡೂದಂದ್ರ ಗಾಡಿನ ಬರಕೊಟ್ಟಂಗ ಆಗತೈತಿ."

ಅವರ ಭಯ ನ್ಯಾಯವಾದದ್ದು. ನಮ್ಮ ದೇಶದೊಳಗೆ ಡಿಜಿಲಾಕರ್‌ನಲ್ಲಿ ತೋರಿಸುವ ಆರ್‌ಸಿ ಪೊಲೀಸರಿಗೆ ನಡೆಯುತ್ತದೆ, ಆದ್ದರಿಂದ ಬಾಡಿಗೆಯವರು ಮೂಲ ಕಾರ್ಡನ್ನು ಕಪಾಟಿನಿಂದ ಹೊರಗೆ ತೆಗೆಯುವುದೇ ಇಲ್ಲ. ನೇಪಾಳದ ಸುಂಕದ ಕಚೇರಿಗೆ ಬೇಕಾದದ್ದು ಆ ಕಾರ್ಡೇ. ಮೂರು ದಿನ ಮಾತುಕತೆ ನಡೆದು, ಠೇವಣಿ 25,000 ರೂಪಾಯಿಯಿಂದ 60,000ಕ್ಕೆ ಏರಿ, ಆರ್‌ಸಿ ಪಡೆದದ್ದಕ್ಕೆ ನಾನು ಬೇರೆಯೇ ರಸೀದಿ ಬರೆದುಕೊಟ್ಟ ಮೇಲೆ ಕಾಕಾ ಒಪ್ಪಿದರು. ದಿನಕ್ಕೆ 900 ರೂಪಾಯಿ ಬಾಡಿಗೆ. ಬ್ಯಾಂಕಿನ ಸಾಲವಿದ್ದ ಗಾಡಿಗಳನ್ನು ಅವರೇ ಪಕ್ಕಕ್ಕೆ ಸರಿಸಿದರು. ಆರ್‌ಸಿಯ ಮೇಲೆ ಬ್ಯಾಂಕಿನ ಹೆಸರೂ ಇದ್ದರೆ ಅದರ ಒಪ್ಪಿಗೆ ಪತ್ರವನ್ನೂ ಹುಡುಕಿಕೊಂಡು ಹೋಗಬೇಕಾಗುತ್ತದೆ. ಉಳಿದವುಗಳಲ್ಲಿ ಬುಲೆಟ್ ಬಿಟ್ಟು ಪಲ್ಸರ್ 220 ಆರಿಸಿಕೊಂಡೆ. ನೇಪಾಳದಲ್ಲಿ ಪಲ್ಸರ್ ಮನೆಮಾತು, ಬಿಡಿಭಾಗಗಳು ಸಣ್ಣ ಊರಲ್ಲೂ ಸಿಗುತ್ತವೆ.

ಒಪ್ಪಿಗೆ ಪತ್ರವನ್ನು ನಾನೇ ಬರೆದೆ. ಗಾಡಿಯ ಸಂಖ್ಯೆ, ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು, ನನ್ನ ಹೆಸರು, ಪಾಸ್‌ಪೋರ್ಟ್ ಮತ್ತು ಲೈಸೆನ್ಸಿನ ಸಂಖ್ಯೆಗಳು, ಹೋಗುವ ಬರುವ ದಿನಾಂಕ, ನೇಪಾಳ ಎಂಬ ದೇಶದ ಹೆಸರು ಮತ್ತು ಗಾಡಿಯನ್ನು ಮರಳಿ ತರುವ ಹೊಣೆ ನನ್ನದೆಂಬ ಮಾತು, ಇಷ್ಟನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಟೈಪ್ ಮಾಡಿಸಿ, ಸ್ಟ್ಯಾಂಪ್ ಪೇಪರಿನ ಮೇಲೆ ನೋಟರಿಯವರ ಎದುರು ಸಹಿಯಾಯಿತು. ನಾನು ಮಾಡಿದ ತಪ್ಪು ಇಲ್ಲಿಯೇ ಇತ್ತು. ಆರ್‌ಸಿಯಲ್ಲಿದ್ದುದು ಕಾಕಾರ ಸಂಸ್ಥೆಯ ಹೆಸರು. ಪತ್ರಕ್ಕೆ ಸಹಿ ಹಾಕಿದ್ದು ಕಾಕಾ, ತಮ್ಮ ಸ್ವಂತ ಹೆಸರಿನಲ್ಲಿ, ಸಂಸ್ಥೆಯ ಮೊಹರಿಲ್ಲದೆ. ಪುಣೆಯಲ್ಲಿ ಇದು ನನ್ನ ಕಣ್ಣಿಗೂ ಬೀಳಲಿಲ್ಲ, ನೋಟರಿಯವರ ಕಣ್ಣಿಗೂ ಬೀಳಲಿಲ್ಲ.

ವಿಮೆಯ ವಿಷಯ ಹೆಚ್ಚಿನವರು ಗಮನಿಸದೆ ಬಿಡುವಂಥದ್ದು. ಪಾಲಿಸಿಯಲ್ಲಿ ಭೌಗೋಳಿಕ ವ್ಯಾಪ್ತಿ ಎಂಬ ಒಂದು ಸಾಲಿರುತ್ತದೆ, ಅಲ್ಲಿ ಭಾರತ ಎಂದಷ್ಟೇ ಬರೆದಿರುತ್ತದೆ. ಗಡಿಯ ಗೇಟಿನಾಚೆ ಮೊದಲ ಗಜದಲ್ಲೇ ಆ ಕಾಗದಕ್ಕೆ ಜೀವವಿಲ್ಲ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಬಾಂಗ್ಲಾದೇಶ, ಭೂತಾನ್, ನೇಪಾಳ, ಪಾಕಿಸ್ತಾನ, ಶ್ರೀಲಂಕಾ ಮತ್ತು ಮಾಲ್ಡೀವ್ಸ್‌ಗಳಿಗೆ ಅದನ್ನು ವಿಸ್ತರಿಸಿಕೊಳ್ಳಬಹುದು. 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಪ್ರಕಾರ ಪೂರ್ಣ ಪಾಲಿಸಿಗೆ ಇದಕ್ಕೆ 500 ರೂಪಾಯಿ, ಬರೀ ಥರ್ಡ್ ಪಾರ್ಟಿ ಪಾಲಿಸಿಗೆ 100 ರೂಪಾಯಿ. ಮೊತ್ತ ಸಣ್ಣದು, ಓಡಾಟ ದೊಡ್ಡದು. ವಿಮೆ ಮಾಡಿಸಿದವರು ನಾನಲ್ಲವಾದ್ದರಿಂದ ಅರ್ಜಿಯನ್ನು ಕಾಕಾರೇ ಕೊಡಬೇಕಿತ್ತು, ಮತ್ತು ಅವರ ಏಜೆಂಟರು ಇಂಥದೊಂದು ಸೌಲಭ್ಯವಿದೆಯೆಂಬುದನ್ನು ನಂಬಲೇ ಸಿದ್ಧರಿರಲಿಲ್ಲ. ಕಡೆಗೆ ವಿಮಾ ಕಚೇರಿಗೆ ಕಾಕಾರನ್ನು ಹಿಂದೆ ಕೂರಿಸಿಕೊಂಡು ಅದೇ ಪಲ್ಸರ್‌ನಲ್ಲಿ ಎರಡು ಸಲ ಹೋಗಿ ಬಂದ ಮೇಲೆ ನೇಪಾಳದ ಹೆಸರಿರುವ ಒಂದು ಪುಟ ಕೈಗೆ ಬಂತು.

ಪುಣೆಯಿಂದ ಗೋರಖಪುರದವರೆಗೆ ಬೈಕು ರೈಲಿನಲ್ಲಿ ಬಂತು, ನಾನೂ ಅದೇ ರೈಲಿನಲ್ಲಿ ಬಂದೆ. ಪಾರ್ಸೆಲ್ ಕಚೇರಿಯಲ್ಲಿಯೂ ಆರ್‌ಸಿಯ ಹೆಸರು ಮತ್ತು ಟಿಕೆಟಿನ ಹೆಸರು ಬೇರೆಯಾದ್ದರಿಂದ ಒಪ್ಪಿಗೆ ಪತ್ರದ ಪ್ರತಿ ಕೊಡಬೇಕಾಯಿತು. ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ತೆಗೆಸಿ, ಗೋಣಿತಟ್ಟು ಸುತ್ತಿಸಿ ಹತ್ತಿಸಿದೆವು. ಗೋರಖಪುರದ ಪ್ಲಾಟ್‌ಫಾರ್ಮು ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ್ದು. 2023ರಲ್ಲಿ 1507 ಮೀಟರಿನ ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರ್ಮು ಅದನ್ನು ಹಿಂದಿಕ್ಕಿತು. ಆದರೂ ಪಾರ್ಸೆಲ್ ಡಬ್ಬಿಯನ್ನು ಹುಡುಕುತ್ತ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ ನನ್ನ ಕಾಲುಗಳು ಆ ದಾಖಲೆಯನ್ನು ಒಪ್ಪಲು ಸಿದ್ಧವಿರಲಿಲ್ಲ.

ಫೆಬ್ರವರಿ 20ರ ಬೆಳಿಗ್ಗೆ ಸುನೌಲಿ ತಲುಪಿದೆ. ಭಾರತದ ಕಡೆ ಸಶಸ್ತ್ರ ಸೀಮಾ ಬಲದವರು ಪಾಸ್‌ಪೋರ್ಟ್ ನೋಡಿ, ಚೀಲ ತೆರೆಸಿ ಬಿಟ್ಟರು. ಭಾರತೀಯರಿಗೆ ವೀಸಾ ಬೇಡ; ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಸಾಕು, ಆದರೆ ನನ್ನ ವಯಸ್ಸಿನವರಿಗೆ ಆಧಾರ್ ಲೆಕ್ಕಕ್ಕಿಲ್ಲ. ಗೇಟು ದಾಟಿದರೆ ಬೇಲಹಿಯಾ, ಅಲ್ಲಿ ಭನ್ಸಾರ್ ಕಚೇರಿ. ನೇಪಾಳಿಯಲ್ಲಿ ಭನ್ಸಾರ್ ಎಂದರೆ ನಮ್ಮ ಸುಂಕದ ಕಟ್ಟೆ. ಗಾಡಿ ನಿಲ್ಲಿಸುವ ಮೊದಲೇ ಇಬ್ಬರು ದಲ್ಲಾಳಿಗಳು ಬಂದು, ಗಡಿಪೇಟೆಗೆ ಹೋಗಿ ಅದೇ ದಿನ ಮರಳುವವರಿಗೆ ಸಿಗುವ ಬಿಟ್ಟಿ ಚೀಟಿ ಮಾಡಿಸಿಕೊಡುತ್ತೇವೆ, ಮುಂದೆ ಯಾರೂ ಕೇಳುವುದಿಲ್ಲ ಎಂದರು. ಆ ಚೀಟಿಯಲ್ಲಿ ಪೋಖರಾಕ್ಕೆ ಹೋದರೆ ಗಾಡಿ ಕಳ್ಳಸಾಗಣೆಯ ಮಾಲಿನಂತೆ ಜಪ್ತಿಯಾಗಬಹುದು, ಅದೂ ನನ್ನದಲ್ಲದ ಗಾಡಿ. ನಾನು ಸಾಲಿನಲ್ಲಿ ನಿಂತೆ.

ಕೌಂಟರಿನಲ್ಲಿದ್ದವರು ಆರ್‌ಸಿಯನ್ನೂ ಪತ್ರವನ್ನೂ ಅಕ್ಕಪಕ್ಕ ಇಟ್ಟು, ಆರ್‌ಸಿಯಲ್ಲಿರುವುದು ಸಂಸ್ಥೆ, ಸಹಿ ಮಾಡಿದ ಈ ಮನುಷ್ಯ ಯಾರು ಎಂದು ಹಿಂದಿಯಲ್ಲಿ ಕೇಳಿದರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಅದಕ್ಕೇ ಏನನ್ನೂ ಹೇಳಿಕೊಳ್ಳದೆ ಪಕ್ಕಕ್ಕೆ ಸರಿದು, ಇನ್ನೂ ಜೀವವಿದ್ದ ಭಾರತದ ಸಿಮ್‌ನಿಂದ ಕಾಕಾರಿಗೆ ಫೋನು ಮಾಡಿದೆ. ಅವರು ಸಂಸ್ಥೆಯ ಮಾಲೀಕತ್ವದ ಪ್ರಮಾಣಪತ್ರ, ತಮ್ಮ ಗುರುತಿನ ಚೀಟಿ ಮತ್ತು ಮೊಹರು ಒತ್ತಿದ ಹೊಸ ಪತ್ರದ ಫೋಟೋ ಕಳಿಸಿದರು. ಗೇಟಿನ ಈಚೆಗೆ ಮರಳಿ ಬಂದು ಜೆರಾಕ್ಸ್ ಅಂಗಡಿಯಲ್ಲಿ ಅವನ್ನು ಮುದ್ರಿಸಿಕೊಂಡು ಹೋದೆ. ಒಂದೂವರೆ ತಾಸು ಹೋಯಿತು. ಅಧಿಕಾರಿ ಸಹಿಗಳನ್ನು ಹೋಲಿಸಿ ನೋಡಿ, ಮತ್ತೆ ಮಾತನಾಡದೆ ಎಂಟು ದಿನಗಳ ಚೀಟಿ ಬರೆದರು. ಶುಲ್ಕ ದಿನದ ಲೆಕ್ಕದಲ್ಲಿ. ಎಂಟೂ ದಿನಗಳದ್ದು ಸೇರಿ ಕಾಕಾರ ಎರಡು ದಿನಗಳ ಬಾಡಿಗೆಯನ್ನು ಮೀರಲಿಲ್ಲ. ಹಣವನ್ನು ನೂರರ ನೋಟುಗಳಲ್ಲಿ ಒಯ್ದಿದ್ದೆ, ಆಗ ಅದಕ್ಕಿಂತ ದೊಡ್ಡ ಭಾರತೀಯ ನೋಟುಗಳಿಗೆ ಅಲ್ಲಿ ನಿಷೇಧವಿತ್ತು. ನಮ್ಮ ನೂರು ರೂಪಾಯಿಗೆ ಅವರ 160. ಆಮೇಲೆ ಸಾರಿಗೆಯವರ ಇನ್ನೊಂದು ಪರವಾನಗಿ ಪಡೆಯುವ ಹೊತ್ತಿಗೆ, ನಮಗಿಂತ 15 ನಿಮಿಷ ಮುಂದಿರುವ ಅವರ ಗಡಿಯಾರದಲ್ಲಿ ಮಧ್ಯಾಹ್ನವಾಗಿತ್ತು.

ಬುಟವಲ್ ದಾಟಿದ ಮೇಲೆ ಸಿದ್ಧಬಾಬಾದ ಹತ್ತಿರ ಗುಡ್ಡ ಕುಸಿಯುವ ಜಾಗವಿದೆ. ಅಲ್ಲಿ ಸುರಂಗದ ಕೆಲಸ ನಡೆದಿತ್ತು. ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿ ಎಡಕ್ಕೆ ಬಿದ್ದೆ. ಮೊಣಕಾಲು ಕೆರೆದುಕೊಂಡಿತು, ಒಂದು ಇಂಡಿಕೇಟರ್ ಮುರಿಯಿತು, ಅಷ್ಟೇ. ತಾನ್‌ಸೇನ್‌ನಲ್ಲಿ ರಾತ್ರಿ ತಂಗಿ ಮರುದಿನ ಪೋಖರಾ ಸೇರಿದೆ.

ಅಲ್ಲಿ ನೇಪಾಳದ ಸಿಮ್ ಕೊಂಡು ವಾಟ್ಸಾಪ್ ತೆರೆದರೆ ಕಾಕಾರ ಹದಿನಾಲ್ಕು ಕರೆಗಳು. ಬಾಡಿಗೆ ಗಾಡಿಯಲ್ಲಿ ಅವರು ಅಳವಡಿಸಿದ್ದ ಜಿಪಿಎಸ್ ಯಂತ್ರ ಭಾರತದ ಸಿಮ್‌ನಿಂದ ನಡೆಯುವಂಥದ್ದು. ಗಡಿ ದಾಟುತ್ತಲೇ ಅದು ಮೂಕವಾಗಿ, ಎರಡು ದಿನಗಳಿಂದ ಅವರ ಫೋನಿನಲ್ಲಿ ಪಲ್ಸರ್ ಸುನೌಲಿಯ ರಸ್ತೆ ಬದಿಯಲ್ಲೇ ನಿಂತಿತ್ತು. ವಿಡಿಯೊ ಕರೆ ಮಾಡಿ ಗಾಡಿಯನ್ನೂ, ಮೀಟರನ್ನೂ, ಹಿಂದಿನ ಫೇವಾ ಸರೋವರವನ್ನೂ ತೋರಿಸಿದೆ. ಸರೋವರದ ಬಗ್ಗೆ ಅವರು ಏನೂ ಹೇಳಲಿಲ್ಲ. "ಆರ್‌ಸಿ ಎಲ್ಲೈತಿ? ಅದನ್ನ ತೋರ್ಸು," ಎಂದರು. ಅಂದಿನಿಂದ ಪ್ರತಿ ಸಂಜೆ ಏಳಕ್ಕೆ ಗಾಡಿಯ ಒಂದು ಫೋಟೋ ಕಳಿಸುವ ಒಪ್ಪಂದವಾಯಿತು. ಇದನ್ನು ಹೊರಡುವ ಮೊದಲೇ ಮಾಡಿಕೊಳ್ಳಬೇಕಿತ್ತು. ಕೆಲವು ಯಂತ್ರಗಳಿಂದ ಮಾಲೀಕರು ಕೂತಲ್ಲಿಂದಲೇ ಇಂಜಿನ್ ನಿಲ್ಲಿಸಬಲ್ಲರು. ಗಾಬರಿಯಾದ ಮಾಲೀಕರು ಅಂಥದ್ದನ್ನು ಗಡಿಯ ಈಚೆ ಒತ್ತಿಬಿಟ್ಟರೆ ಏನು ಗತಿ ಎಂದು ಆಮೇಲೆ ಯೋಚಿಸಿದೆ.

ಇನ್ನೊಂದು ಎಡವಟ್ಟು ಪೋಖರಾದ ಹೋಟೆಲಿನ ಗೋಡೆಯ ಮೇಲೆ ಸಿಕ್ಕಿತು. ಭನ್ಸಾರ್ ಚೀಟಿಯ ದಿನಾಂಕಗಳು ವಿಕ್ರಮ ಸಂವತ್ತಿನವು. ಮರಾಠಿ ಓದಿ ಅಭ್ಯಾಸವಿದ್ದುದರಿಂದ ದೇವನಾಗರಿ ಅಂಕಿಗಳನ್ನು ಸಲೀಸಾಗಿ ಓದಿದ್ದೆ, ಆದರೆ 2080ರ ಫಾಲ್ಗುಣ 15 ಎಂಬುದು ನಮ್ಮ ಯಾವ ದಿನ ಎಂದು ತಾಳೆ ನೋಡಿರಲಿಲ್ಲ. ಎಂಟು ದಿನವೆಂದರೆ 28ನೆಯ ತಾರೀಖಿನವರೆಗೆ ಎಂದುಕೊಂಡಿದ್ದೆ. ಎರಡೂ ದಿನಾಂಕಗಳಿರುವ ಆ ಕ್ಯಾಲೆಂಡರಿನಲ್ಲಿ ಫಾಲ್ಗುಣ 15 ಎಂದರೆ ಫೆಬ್ರವರಿ 27. ಒಳಗೆ ಬಂದ ದಿನವನ್ನೂ ಒಂದು ದಿನವೆಂದೇ ಎಣಿಸಿದ್ದರು. ಅವಧಿ ಮೀರಿದರೆ ದಂಡ, ಅದಕ್ಕಿಂತ ಹೆಚ್ಚಾಗಿ ಕೌಂಟರಿನಲ್ಲಿ ಮತ್ತೊಂದು ವಿಚಾರಣೆ. ಪೋಖರಾದಲ್ಲಿ ಒಂದು ದಿನ ಕಡಿತಗೊಳಿಸಿ 26ರಂದು ಹೊರಟು, 27ರ ಮಧ್ಯಾಹ್ನ ಬೇಲಹಿಯಾದಲ್ಲಿ ಚೀಟಿ ಒಪ್ಪಿಸಿ ಈಚೆಗೆ ಬಂದೆ. ಗೇಟು ದಾಟಿದ ಕೆಲವೇ ನಿಮಿಷಗಳಲ್ಲಿ ಕಾಕಾರ ಸಂದೇಶ ಬಂತು. ಅವರ ಫೋನಿನಲ್ಲಿ ಗಾಡಿ ಒಂದು ವಾರದ ಮೇಲೆ ಅಲುಗಾಡಿತ್ತು.

ನಿಗಡಿಯಲ್ಲಿ ಬೈಕು ಒಪ್ಪಿಸಿದಾಗ ಅವರು ಗಾಡಿಯ ಕಡೆ ನೋಡದೆ ಮೊದಲು ಕೈ ಚಾಚಿದರು. ಆರ್‌ಸಿ ಕೊಟ್ಟೆ. ಎರಡೂ ಬದಿ ತಿರುಗಿಸಿ ನೋಡಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು, ನನ್ನ ರಸೀದಿಯನ್ನು ಹರಿದು ಹಾಕಿದ ಮೇಲೆ ಬೈಕಿನ ಸುತ್ತ ಒಂದು ಸುತ್ತು ಬಂದರು. ಇಂಡಿಕೇಟರಿಗೆ 350 ರೂಪಾಯಿ ಮುರಿದುಕೊಂಡು ಉಳಿದ ಠೇವಣಿಯನ್ನು ಅಲ್ಲೇ ನಿಂತು ಫೋನಿನಲ್ಲಿ ಹಾಕಿದರು. ಮೊಹರು ಒತ್ತಿದ ಎರಡನೆಯ ಪತ್ರದ ಒಂದು ಪ್ರತಿಯನ್ನು ನನ್ನಿಂದ ಕೇಳಿ ಇಸಿದುಕೊಂಡರು. ಮುಂದಿನ ತಿಂಗಳು ಭೂತಾನಕ್ಕೆ ಒಯ್ಯುತ್ತೇನೆಂದು ಯಾರೋ ವಿಚಾರಿಸಿ ಹೋಗಿದ್ದರಂತೆ.