ಮಾಲ್ಟ್ ಬಾರ್ಲಿ: ಪ್ರೋಟೀನ್ ಇಳಿಸಿದ್ದು ಹೀಗೆ

ಯೂರಿಯ ಕಡಿಮೆ ಮಾಡಿ, ಬೀಜ ಜಾಸ್ತಿ ಹಾಕಿ ಮಾಲ್ಟ್ ಬಾರ್ಲಿ (ಬಿಯರ್ ಮುಂತಾದವಕ್ಕೆ ಮೊಳಕೆ ಬರಿಸಿ ಒಣಗಿಸುವ ಬಾರ್ಲಿ) ತೆಗೆಯುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಒತ್ತಾಗಿ ಬಿತ್ತಿದ್ರೆ ಕಾಳು ಸಣ್ಣ ಆಗುತ್ತೆ, ಗೊಬ್ಬರ ಇಲ್ದಿದ್ರೆ ಇಳುವರಿ ಬೀಳುತ್ತೆ" ಅಂದರು. ಈ ಸಲ ಪ್ರೋಟೀನ್ ನೂರಕ್ಕೆ ಸುಮಾರು 11 ಬಂತು. 2.5 ಮಿ.ಮೀ. ಜರಡಿಯ ಮೇಲೆ ನಿಂತ ದಪ್ಪ ಕಾಳು ನೂರಕ್ಕೆ 90ರ ಹತ್ತಿರ. ಇಡೀ ರಾಶಿ ಮಾಲ್ಟ್ ದರಕ್ಕೆ ಹೋಯಿತು.

ಇದಕ್ಕೆ ಮುಂಚೆ ಪಟ್ಟ ಪಾಡು ಕಡಿಮೆಯದಲ್ಲ. ಹೆಚ್ಚುಕಮ್ಮಿ ಪ್ರತಿ ಹಂಗಾಮಿನಲ್ಲೂ ಪ್ರೋಟೀನ್ 13 ದಾಟುತ್ತಿತ್ತು. ಅಷ್ಟಾದರೆ ಮಾಲ್ಟಿನವರು ಬೇಡ ಅನ್ನುತ್ತಾರೆ, ಆಗ ಸಿಗುವುದು ಮೇವಿನ ದರ. ವಾಪಸ್ ಸಾಗಿಸುವ ಖರ್ಚೂ ನಮ್ಮದೇ. ಆದಾಯದಲ್ಲಿ ಕಾಲು ಭಾಗವಾದರೂ ಹಾಗೇ ಹೋಗುತ್ತಿತ್ತು.

ತೆನೆಯಲ್ಲಿ ಆರು ಸಾಲು ಕಾಳು ಕಟ್ಟುವ ತಳಿ ಬಿಟ್ಟು ಎರಡು ಸಾಲಿನದಕ್ಕೆ ಬಂದೆ. ಆರು ಸಾಲಿನ ತೆನೆ ಬಿಡಿಸಿ ನೋಡಿ: ನಡುವಿನ ಕಾಳು ನೆಟ್ಟಗಿರುತ್ತದೆ, ಅಕ್ಕಪಕ್ಕದವು ಸಣ್ಣ, ಬುಡದಲ್ಲಿ ಸ್ವಲ್ಪ ಸೊಟ್ಟ. ತಳಿ ಬದಲಿಸಿದ ಮೇಲೆ ಕಾಳು ಒಂದೇ ಸಮ ಆಯಿತು. ಪ್ರೋಟೀನ್ ಮಾತ್ರ ಜಗ್ಗಲಿಲ್ಲ. ಕಾರ್ಲ್‌ನಂಥ ಹುಟ್ಟಾ ಕಡಿಮೆ ಪ್ರೋಟೀನಿನ ತಳಿಗಳು ಇವೆ, ನಿಜ. ಆದರೂ ಪ್ರೋಟೀನನ್ನು ತಳಿಗಿಂತ ಜಾಸ್ತಿ ಆಡಿಸುವುದು ಹೊಲದ ಸಾರಜನಕ, ನೀರು, ಬಿಸಿಲು. ಕಾಳಿನಲ್ಲಿ ಹಾಲು ತುಂಬುವ ಹೊತ್ತಿಗೆ ಬಿಸಿಗಾಳಿ ಹೊಡೆದರೆ ಪಿಷ್ಟ ತುಂಬುವುದು ಮೊದಲು ಕುಂಠಿತವಾಗುತ್ತದೆ. ಕಾಳು ಬಡಕಲಾಗುತ್ತದೆ, ಪ್ರೋಟೀನ್ ಶೇಕಡಾವಾರು ಏರುತ್ತದೆ. ಆಮೇಲೆ ಏನು ಮಾಡಿದರೂ ಇಳಿಯುವುದಿಲ್ಲ.

ಹಾಗಾಗಿ ಬಿತ್ತನೆಯನ್ನು ಎರಡು ವಾರದಷ್ಟು ಮುಂಚೆಯೇ ಮಾಡಿದೆ, ಕಾಳು ತುಂಬುವ ಹೊತ್ತಿಗೆ ತಂಪು ಇರಲಿ ಅಂತ. ಯೂರಿಯದ ಸಾರಜನಕವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿ, ಉಳಿದದ್ದನ್ನೆಲ್ಲ ಬಿತ್ತುವಾಗಲೇ ತಳಗೊಬ್ಬರವಾಗಿ ಕೊಟ್ಟೆ. ತಡವಾಗಿ ಹಾಕಿದ ಮೇಲುಗೊಬ್ಬರ ನೇರ ಕಾಳಿನ ಪ್ರೋಟೀನಿಗೇ ಹೋಗುತ್ತದೆ, ಅದನ್ನು ಪೂರ್ತಿ ನಿಲ್ಲಿಸಿದೆ. ಚದರ ಮೀಟರಿಗೆ 200 ಇದ್ದ ಗಿಡ 300ರ ಹತ್ತಿರ ಬರುವಂತೆ ಬಿತ್ತಿದೆ. ಒತ್ತಾದ ಹೊಲದಲ್ಲಿ ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆ. ತೆನೆಗಳೆಲ್ಲ ಒಟ್ಟಿಗೆ ಮಾಗುತ್ತವೆ. ಹಸಿರು ಕಾಳು ಬೆರೆಯುವ ರಗಳೆ ಹೋಯಿತು. ಇಳುವರಿ ನೂರಕ್ಕೆ ಐದರಷ್ಟು ಬಿದ್ದಿರಬಹುದು. ಬೀಜದ ಹೆಚ್ಚಿನ ಖರ್ಚು ಉಳಿದ ಗೊಬ್ಬರದಲ್ಲೇ ಸರಿಹೋಯಿತು. ಬಾರ್ಲಿಗೆ ಮುಂಚೆ ಅದೇ ಹೊಲದಲ್ಲಿ ಏನು ಬೆಳೆದೆ ಅನ್ನುವುದನ್ನು ಮಾತ್ರ ಈಗ ಹೇಳುವುದಿಲ್ಲ. ಅರ್ಧ ಗುಟ್ಟು ಅಲ್ಲೇ ಇದೆ.

ಒಂದು ಮೂಲೆಯಲ್ಲಿ ಸಿಪ್ಪೆ ಕಳಚುವ ತಳಿ ಹಾಕಿದ್ದೆ, ಸುಮ್ನೆ ನೋಡೋಣ ಅಂತ. ಒಕ್ಕಣೆಯಲ್ಲಿ ಸಿಪ್ಪೆ ಉದುರಿ ಮೊಳಕೆಯ ಭಾಗ ಬಯಲಾಗುತ್ತದೆ, ಏಟು ಬೀಳುತ್ತದೆ. ಮೊಳೆಯುವ ಕಾಳು ನೂರಕ್ಕೆ 80ರ ಆಸುಪಾಸಿಗೆ ಇಳಿಯಿತು. ಮಾಲ್ಟಿಗೆ 95ಕ್ಕಿಂತ ಕಡಿಮೆ ಇದ್ದರೆ ಕೇಳುವವರಿಲ್ಲ, ಅಲ್ವಾ? ಆದರೆ ಹಿಟ್ಟಿಗೆ, ಗಂಜಿಗೆ ಒಳ್ಳೆಯ ಸರಕು. ಬೀಟಾ ಗ್ಲೂಕನ್ (ಕಾಳಿನಲ್ಲಿರುವ ಒಂದು ಬಗೆಯ ನಾರು) ಜಾಸ್ತಿ ಬೇಕಿದ್ದರೆ ಮೊದಲು ತಳಿಯನ್ನೇ ನೋಡಬೇಕು, ಅದು ಬಹುಪಾಲು ತಳಿಗುಣ.

ಕೊಯ್ಲಿನ ಮಳೆಗೆ ತೆನೆಯಲ್ಲೇ ಮೊಳಕೆ ಬರುವ ಕಾಟ ಇನ್ನೂ ಇದೆ. ಸುಪ್ತಾವಸ್ಥೆ, ಅಂದರೆ ಕಾಳು ಮೊಳೆಯದೆ ಮಲಗಿರುವ ಗುಣ, ಜಾಸ್ತಿ ಇರುವ ತಳಿ ಮಳೆ ತಡೆದುಕೊಳ್ಳುತ್ತದೆ, ಆದರೆ ಮಾಲ್ಟ್ ಮಾಡುವವರು ಅದು ಎಚ್ಚರಗೊಳ್ಳುವ ತನಕ ಕಾಯಬೇಕು. ಮುಂದಿನ ಹಂಗಾಮಿಗೆ ಅಂಥದ್ದನ್ನೂ ಈಗಿನದನ್ನೂ ಅಕ್ಕಪಕ್ಕ ಬಿತ್ತುತ್ತಿದ್ದೇನೆ.