ತೂಕ ಎತ್ತುವವರು ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸುವುದು ಹೇಗೆ?

ಜಿಮ್‌ನಲ್ಲಿ ಬೆವರು ಸುರಿಸಿ, ಒದ್ದೆ ಬನಿಯನ್ನಿನಲ್ಲೇ ಲ್ಯಾಬ್‌ಗೆ ಹೋಗಿ ಗಂಡಸರ ಮುಖ್ಯ ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟೆರಾನ್ ಪರೀಕ್ಷೆಗೆ ರಕ್ತ ಕೊಟ್ಟು ಬರುವ ಯುವಕರನ್ನು ಮೇಲಿಂದ ಮೇಲೆ ನೋಡುತ್ತಿದ್ದೇನೆ. ಅಂಕಿ ಹೆಚ್ಚು ಬಂದವರು ಹಿಗ್ಗುತ್ತಾರೆ, ಕಡಿಮೆ ಬಂದವರು ಹೆದರಿ ಗುಳಿಗೆ ಕೊಳ್ಳುತ್ತಾರೆ. ಆ ಎರಡು ಅಂಕಿಗಳನ್ನೂ ನಂಬುವಂತಿಲ್ಲ.

ಮೊದಲು, ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಲೈಂಗಿಕ ಆಸಕ್ತಿ ಕುಗ್ಗಿದ್ದರೆ, ಮಕ್ಕಳಾಗದಿದ್ದರೆ ಪರೀಕ್ಷೆಗೆ ಅರ್ಥವಿದೆ. ತೋಳು ದಪ್ಪವಾಗುತ್ತಿಲ್ಲ ಎಂಬುದೊಂದೇ ಕಾರಣವಾದರೆ ಆ ಹಣಕ್ಕೆ ಮೊಟ್ಟೆ, ಕಾಳು ಕೊಳ್ಳಿ.

ಎರಡನೆಯ ಹಂತದಲ್ಲೇ ಹೆಚ್ಚಿನವರು ಎಡವುವುದು: ವ್ಯಾಯಾಮಕ್ಕೂ ರಕ್ತ ಕೊಡುವುದಕ್ಕೂ ನಡುವೆ ಎಷ್ಟು ಬಿಡುವು ಇರಬೇಕು? ಸ್ಕ್ವಾಟ್, ಡೆಡ್‌ಲಿಫ್ಟ್‌ನಂತಹ ದೊಡ್ಡ ಸ್ನಾಯುಗಳ ಭಾರೀ ಸೆಟ್‌ಗಳನ್ನು ಕಡಿಮೆ ವಿಶ್ರಾಂತಿಯಲ್ಲಿ ಮುಗಿಸಿದಾಗ ಟೆಸ್ಟೋಸ್ಟೆರಾನ್, ಬೆಳವಣಿಗೆಯ ಹಾರ್ಮೋನ್ ಮತ್ತು ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮೂರೂ ರಕ್ತದಲ್ಲಿ ಏರುತ್ತವೆ. ಟೆಸ್ಟೋಸ್ಟೆರಾನ್‌ನ ಏರಿಕೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿದುಹೋಗುತ್ತದೆ. ಅದರಲ್ಲೂ ಒಂದು ಪಾಲು ತೋರಿಕೆಯದು, ಏಕೆಂದರೆ ಶ್ರಮದ ವೇಳೆ ರಕ್ತದ ನೀರಿನಂಶ ನಾಳಗಳಿಂದ ಸ್ನಾಯುಗಳತ್ತ ಸರಿಯುವುದರಿಂದ, ಸಾರು ಬತ್ತಿದಾಗ ಉಪ್ಪು ಹೆಚ್ಚಾದಂತೆ, ಇದ್ದ ಹಾರ್ಮೋನೇ ಗಾಢವಾಗಿ ಕಾಣುತ್ತದೆ. ಈ ಕ್ಷಣಿಕ ಏರಿಕೆಯೇ ಸ್ನಾಯು ಬೆಳೆಸುತ್ತದೆ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವಕರು 15 ವಾರ ಒಂದು ತೋಳಿಗೆ ಬರೀ ತೋಳಿನ ವ್ಯಾಯಾಮ ಮಾಡಿದರು. ಇನ್ನೊಂದು ತೋಳಿನ ಸರದಿಯ ದಿನ ಹಾರ್ಮೋನ್ ಏರಲೆಂದು ಕಾಲಿನ ಭಾರೀ ವ್ಯಾಯಾಮವನ್ನೂ ಸೇರಿಸಿದರು. ಎರಡು ತೋಳುಗಳ ಬೆಳವಣಿಗೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವ್ಯಾಯಾಮ ಹೀಗೆ ಅಂಕಿಯನ್ನು ಕದಡುವುದರಿಂದ ಪರೀಕ್ಷೆಯ ಹಿಂದಿನ ದಿನ ಪೂರ್ತಿ ಬಾರ್‌ಬೆಲ್ ಮುಟ್ಟಬೇಡಿ. ‘ಲಘುವಾಗಿ ಎರಡೇ ಸೆಟ್’ ಎಂಬ ರಿಯಾಯಿತಿಯನ್ನೂ ನಾನು ಒಪ್ಪುವುದಿಲ್ಲ.

ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ವಾರವಿಡೀ ದಿನಕ್ಕೆ ಐದು ಗಂಟೆಯಷ್ಟೇ ಮಲಗಿದ ಆರೋಗ್ಯವಂತ ಯುವಕರಲ್ಲಿ ಹಗಲಿನ ಟೆಸ್ಟೋಸ್ಟೆರಾನ್ ಶೇ 10ರಿಂದ 15ರಷ್ಟು ಇಳಿದದ್ದು ದಾಖಲಾಗಿದೆ.

ಬೆಳಿಗ್ಗೆ 8ರಿಂದ 10ರೊಳಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಸಕ್ಕರೆ ಹಾಕಿದ ಕಾಫಿಯೂ ಬೇಡ. ಗ್ಲೂಕೋಸ್ ಸೇವನೆಯಿಂದ ಈ ಹಾರ್ಮೋನ್ ತಾತ್ಕಾಲಿಕವಾಗಿ ಇಳಿಯುತ್ತದೆ. ಲ್ಯಾಬ್ ತಲುಪಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕುಳಿತಿರಿ.

ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಅದನ್ನು ಮೊದಲೇ ತಿಳಿಸಿ, ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಕೇಳಿಕೊಳ್ಳಲೇಬೇಕು. ಕೆಲವು ಬಗೆಯ ಪರೀಕ್ಷೆಗಳಲ್ಲಿ ಬಯೋಟಿನ್ ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ಇನ್ನು ‘ಟೆಸ್ಟೋಸ್ಟೆರಾನ್ ಬೂಸ್ಟರ್’ ಡಬ್ಬಿಗಳು: ಅವುಗಳ ಮೇಲೆ ಒಂದು ರೂಪಾಯಿಯನ್ನೂ ಸುರಿಯಬೇಡಿ. ನಮ್ಮ ಜಿಮ್‌ನ ಹುಡುಗನೊಬ್ಬ ಅಂಗಡಿಯವರ ಮಾತು ನಂಬಿ ಮೂರು ಡಬ್ಬಿ ಮುಗಿಸಿದ. ಅವನ ಪುಸ್ತಕದಲ್ಲಿ ಬರೆದಿಟ್ಟ ಸ್ಕ್ವಾಟ್ ತೂಕ ಒಂದು ಕಿಲೋ ಕೂಡ ಏರಿರಲಿಲ್ಲ.

ಅಂಕಿ ಕಡಿಮೆ ಬಂದರೆ ಇನ್ನೊಂದು ದಿನ ಇದೇ ಕ್ರಮದಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು. ಒಂದೇ ರಿಪೋರ್ಟ್ ನೋಡಿ ಯಾರಾದರೂ ಇಂಜೆಕ್ಷನ್ ಸೂಚಿಸಿದರೆ ಬೇರೆ ವೈದ್ಯರಲ್ಲಿಗೆ ಹೋಗಿ. ಹಿಂದೆ ಸ್ಟೀರಾಯ್ಡ್ ಚುಚ್ಚಿಸಿಕೊಂಡಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಹೊರಗಿನಿಂದ ಹಾರ್ಮೋನ್ ಬಂದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಕಳುಹಿಸುವ ಸೂಚನೆಯನ್ನು ತಡೆಹಿಡಿಯುತ್ತದೆ. ಇದರಿಂದ ವೀರ್ಯಾಣುಗಳ ಸಂಖ್ಯೆಯೂ ಕುಸಿಯುತ್ತದೆ, ಇಂಜೆಕ್ಷನ್ ಬಿಟ್ಟ ಮೇಲೂ ಅದು ಸರಿಹೋಗಲು ತಿಂಗಳುಗಳೇ ಹಿಡಿಯಬಹುದು.