ಹಲವು ಫೋಲ್ಡರ್‌ಗಳಲ್ಲಿ ಒಂದು ಪದ: ಟರ್ಮಿನಲ್‌ನಲ್ಲಿ ಹುಡುಕುವುದು ಹೇಗೆ?

ಹತ್ತಾರು ವರ್ಷಗಳ ಬರಹಗಳು ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಹಂಚಿಹೋಗಿದ್ದರೂ, ‘ಕೆರೆ’ ಎಂಬ ಪದ ಎಲ್ಲೆಲ್ಲಿದೆ ಎಂದು ತಿಳಿಯಲು ಒಂದೊಂದೇ ಕಡತವನ್ನು ತೆರೆಯಬೇಕಾಗಿಲ್ಲ. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ ಕೆನ್ ಥಾಂಪ್ಸನ್ 1970ರ ದಶಕದಲ್ಲಿ ಬರೆದ, ಪದ ಹುಡುಕಿಕೊಡುವ ‘ಗ್ರೆಪ್’ ಆದೇಶ ಇಂದಿನ ಲಿನಕ್ಸ್ ಮತ್ತು ಮ್ಯಾಕ್ ಕಂಪ್ಯೂಟರ್‌ಗಳಲ್ಲೂ ಇದೆ.

ಮೊದಲು ಟರ್ಮಿನಲ್ (ಆದೇಶಗಳನ್ನು ಟೈಪಿಸುವ ಕಿಟಕಿ) ತೆರೆದು, ಫೋಲ್ಡರ್ ಬದಲಿಸುವ ‘ಸಿಡಿ’ (cd) ಆದೇಶದಿಂದ ನಿಮ್ಮ ಫೋಲ್ಡರ್‌ಗಳಿರುವ ಜಾಗಕ್ಕೆ ಹೋಗಿ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಜಿ, ಆರ್, ಇ, ಪಿ ಎಂದು ಟೈಪಿಸಿ, ಒಂದು ಸ್ಪೇಸ್ ಕೊಟ್ಟು, ಹೈಫನ್‌ಗೆ ಅಂಟಿದಂತೆ ಆರ್ ಮತ್ತು ಎನ್ ಹಾಕಿ. ಮತ್ತೆ ಸ್ಪೇಸ್ ಬಿಟ್ಟು ಹುಡುಕುವ ಪದವನ್ನು ನೇರ ಉದ್ಧರಣ ಚಿಹ್ನೆಗಳ ನಡುವೆ ಬರೆದು, ಕೊನೆಗೆ ಫೋಲ್ಡರ್‌ಗಳ ಹೆಸರುಗಳನ್ನು ಸ್ಪೇಸ್ ಬಿಟ್ಟು ಸಾಲಾಗಿ ಕೊಟ್ಟು ಎಂಟರ್ ಒತ್ತಿ. ಬರೆದ ಆದೇಶದ ರೂಪ ಹೀಗಿರುತ್ತದೆ:

grep -rn "ಕೆರೆ" 2021 2022 2023

ಇಲ್ಲಿ ಆರ್ ಎಂದರೆ ಒಳಗಿನ ಫೋಲ್ಡರ್‌ಗಳಿಗೂ ಇಳಿದು ಹುಡುಕು ಎಂದು. ಎನ್ ಸಾಲಿನ ಸಂಖ್ಯೆಯನ್ನು ತೋರಿಸುತ್ತದೆ. ಕಡತದ ಹೆಸರಷ್ಟೇ ಸಾಕಾದರೆ ಎನ್ ಬದಲು ಎಲ್ ಹಾಕಿ. ಫೋಲ್ಡರ್‌ನ ಹೆಸರಿನಲ್ಲಿ ಸ್ಪೇಸ್ ಇದ್ದರೆ ಅದಕ್ಕೂ ಉದ್ಧರಣ ಚಿಹ್ನೆ ಬೇಕು.

ಕನ್ನಡದಲ್ಲಿ ಹುಡುಕುವವರು ಎಚ್ಚರ ವಹಿಸಬೇಕಾದದ್ದು ಪದದ ರೂಪದ ವಿಷಯದಲ್ಲಿ. ‘ಊರು’ ಎಂದು ಹುಡುಕಿದರೆ ‘ಊರಿನ’, ‘ಊರಿಗೆ’ ಸಿಗುವುದಿಲ್ಲ. ಏಕೆಂದರೆ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ರು ಎಂಬುದು ರ ಮತ್ತು ಉಕಾರದ ಗುಣಿತ ಚಿಹ್ನೆ ಎಂಬ ಎರಡು ಸಂಕೇತಗಳು, ರಿ ಎಂಬುದರಲ್ಲಿ ಆ ಎರಡನೆಯದು ಬೇರೆ. ಆದ್ದರಿಂದ ‘ಊರ’ ಎಂದು ಕೊಟ್ಟರೆ ವಿಭಕ್ತಿ ರೂಪಗಳೆಲ್ಲ ಒಟ್ಟಿಗೆ ಸಿಗುತ್ತವೆ. ‘ಸಾಫ್ಟ್‌ವೇರ್’ನಂಥ ಪದದಲ್ಲಿ ಇನ್ನೊಂದು ತೊಡಕಿದೆ: ಒತ್ತಕ್ಷರವಾಗದಂತೆ ತಡೆಯಲು ಕಣ್ಣಿಗೆ ಕಾಣದ ಅಕ್ಷರವೊಂದನ್ನು ಒಬ್ಬರು ನಡುವೆ ಸೇರಿಸಿರುತ್ತಾರೆ, ಇನ್ನೊಬ್ಬರು ಸೇರಿಸಿರುವುದಿಲ್ಲ. ‘ಸಾಫ್ಟ್’ ಮತ್ತು ‘ವೇರ್’ ನಡುವೆ ಒಂದು ಚುಕ್ಕೆ, ಅದರ ಪಕ್ಕ ನಕ್ಷತ್ರ ಚಿಹ್ನೆ ಹಾಕಿದರೆ ಎರಡೂ ಬಗೆಯವು ದೊರೆಯುತ್ತವೆ. ನನ್ನ ಅನುಭವದಲ್ಲಿ, ‘ಪದವೇ ಇಲ್ಲ’ ಎಂದುಕೊಂಡು ಹುಡುಕಾಟ ಬಿಡುವ ಮೊದಲು ಇದೊಂದನ್ನು ನೋಡುವುದು ಬಹಳ ಉಪಯುಕ್ತ.

ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಕಡತಗಳಲ್ಲಿರುವುದು ಯುನಿಕೋಡ್ ಕನ್ನಡವಲ್ಲ. ಅವುಗಳನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ವರ್ಡ್‌ನ ‘ಡಾಕ್ಸ್’ ಕಡತಗಳು ಒಳಗೆ ಅಡಕಗೊಂಡಿರುವುದರಿಂದ ಗ್ರೆಪ್‌ಗೆ ಅವುಗಳ ಪಠ್ಯ ಕಾಣುವುದಿಲ್ಲ. ಅವನ್ನು ‘ಪ್ಲೇನ್ ಟೆಕ್ಸ್ಟ್’ ಆಗಿ ಉಳಿಸಿ, ಯುನಿಕೋಡ್‌ನ ಯುಟಿಎಫ್-8 ಎನ್‌ಕೋಡಿಂಗ್ ಆರಿಸಿಕೊಂಡ ಬಳಿಕವೇ ಹುಡುಕಿ.